ಗಣತಿಯ ಗೆರೆ ಮತ್ತು ಭಾರತದ ಭಾಷೆಗಳು

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ ಎಂಬ ಅಂಕಿ ಎಲ್ಲರಿಗೂ ಗೊತ್ತು. ಅದರಲ್ಲಿ ಭಾರತದ ಪಾಲೆಷ್ಟು ಎಂದರೆ ಮಾತ್ರ 22, 121, 780, 1,652 ಎಂದು ಒಂದಕ್ಕೊಂದು ತಾಳೆಯಾಗದ ಉತ್ತರಗಳು ಸಿಗುತ್ತವೆ. ಯಾವುದೂ ಸುಳ್ಳಲ್ಲ. ಎಣಿಸುವವರು ಎಲ್ಲಿ ಗೆರೆ ಎಳೆದರೋ ಅದಕ್ಕೆ ತಕ್ಕಂತೆ ಲೆಕ್ಕ ಬದಲಾಗಿದೆ.

ಮೊದಲ ದೊಡ್ಡ ಪ್ರಯತ್ನ ಬ್ರಿಟಿಷ್ ಆಡಳಿತದ ಅಧಿಕಾರಿ ಜಾರ್ಜ್ ಗ್ರಿಯರ್ಸನ್ ಅವರದು. 1894ರಲ್ಲಿ ಆರಂಭವಾದ ಅವರ ಸಮೀಕ್ಷೆ ಮುಗಿದದ್ದು 1928ರಲ್ಲಿ. ಬೈಬಲ್ಲಿನ ದುಂದುಗಾರ ಮಗನ ಕಥೆಯನ್ನು ಆಯಾ ಸೀಮೆಯ ನುಡಿಯಲ್ಲಿ ಬರೆಸಿ ತರಿಸುತ್ತಿದ್ದರು. ಜೊತೆಗೊಂದು ಸ್ಥಳೀಯ ಕಥನ, ಒಂದು ಪದಪಟ್ಟಿ. ಕಥೆ ಒಂದೇ ಆದ್ದರಿಂದ ಕ್ರಿಯಾಪದ, ವಿಭಕ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುತ್ತಿತ್ತು. ಹೀಗೆ 179 ಭಾಷೆ, 544 ಉಪಭಾಷೆಗಳ ಲೆಕ್ಕ ಸಿಕ್ಕಿತು. ಆದರೆ ಮದ್ರಾಸ್ ಪ್ರಾಂತ್ಯ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು ಸಮೀಕ್ಷೆಯ ವ್ಯಾಪ್ತಿಯಿಂದಲೇ ಹೊರಗಿದ್ದವು. ದಕ್ಷಿಣದ ಗುಡ್ಡಗಾಡು ನುಡಿಗಳಿಗೆ ಇದು ದೊಡ್ಡ ನಷ್ಟ.

1961ರ ಜನಗಣತಿ ಜನ ಹೇಳಿದ ಹೆಸರುಗಳನ್ನು ಆಧರಿಸಿ 1,652 ಮಾತೃಭಾಷೆಗಳ ಪಟ್ಟಿ ಕೊಟ್ಟಿತು. 1971ರಿಂದ, 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರು ಪ್ರಕಟಿತ ಕೋಷ್ಟಕಗಳಿಂದ ಮರೆಯಾಯಿತು. 2011ರಲ್ಲಿ ಜನ ಹೇಳಿದ 19,569 ಹೆಸರುಗಳು ಪರಿಶೀಲನೆಯ ನಂತರ 1,369 ಮಾತೃಭಾಷೆಗಳಾದವು; ಕೊನೆಗೆ 121 ಭಾಷೆಗಳಾಗಿ ಗುಂಪುಗೂಡಿದವು. ಜಾತಿ, ಊರುಗಳ ಹೆಸರನ್ನೂ ಜನ ಭಾಷೆಯೆಂದು ಬರೆಸುವುದರಿಂದ ಈ ಜರಡಿ ಬೇಕೇ ಬೇಕು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಜರಡಿ ಹಿಡಿಯುವುದು ಬೇರೆ, ಉಳಿದದ್ದನ್ನೂ ತೋರಿಸದಿರುವುದು ಬೇರೆ. ಚಿಕ್ಕ ನುಡಿಗಳಷ್ಟೇ ಮರೆಯಾಗುತ್ತವೆ ಎಂದುಕೊಳ್ಳುವುದೂ ತಪ್ಪು. ಐದು ಕೋಟಿ ಜನರ ಭೋಜಪುರಿ ಹಿಂದಿಯ ಲೆಕ್ಕದಲ್ಲಿ ಸೇರಿದೆ. ನಾವೂ ಇದಕ್ಕೆ ಹೊರತಲ್ಲ: ಭಾಷಾವಿಜ್ಞಾನಿಗಳಲ್ಲಿ ಹಲವರು ಸ್ವತಂತ್ರ ಭಾಷೆಯೆಂದು ಪರಿಗಣಿಸುವ ನೀಲಗಿರಿಯ ಬಡಗ, ಗಣತಿಯಲ್ಲಿ ಕನ್ನಡದ ಸಂಖ್ಯೆಯನ್ನು ಹಿಗ್ಗಿಸುತ್ತಿದೆ. ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರ ತುಳುವಿಗೆ ಕೋಷ್ಟಕದಲ್ಲಿ ತನ್ನದೇ ಸಾಲಿದೆ, 22 ಭಾಷೆಗಳಿರುವ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗವಿಲ್ಲ.

2010ರಲ್ಲಿ ಗಣೇಶ ದೇವಿ ಅವರ ಮುಂದಾಳತ್ವದಲ್ಲಿ ಶುರುವಾದ ಜನರ ಭಾಷಾ ಸಮೀಕ್ಷೆ ಗಣತಿಯ 10,000 ಜನರ ಮಿತಿಯನ್ನೇ ಕೈಬಿಟ್ಟು 780 ಭಾಷೆಗಳನ್ನು ದಾಖಲಿಸಿತು. ಬರೆದವರೆಲ್ಲ ತರಬೇತಿ ಪಡೆದ ಭಾಷಾವಿಜ್ಞಾನಿಗಳಲ್ಲ, ಬರಹಗಳ ಮಟ್ಟ ಒಂದೇ ಸಮನಾಗಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ವ್ಯಾಕರಣದ ಸೂಕ್ಷ್ಮಕ್ಕೆ ಪರಿಣತರೇ ಬೇಕು. ಆದರೂ ಬಣ್ಣ, ನೆಂಟಸ್ತಿಕೆ, ಕಾಲಗಳನ್ನು ಹೆಸರಿಸುವ ಮಾತುಗಳು, ಹಾಡು, ಕಥೆಗಳು ಅಲ್ಲಿ ಒಂದೆಡೆ ಸಿಗುತ್ತವೆ. ಜನಗಣತಿಯ ಯಾವ ಕೋಷ್ಟಕವೂ ಇದನ್ನು ಕೊಡಲಾರದು.

ತಡವಾದರೆ ಏನಾಗುತ್ತದೆಂಬುದನ್ನು ಅಂಡಮಾನಿನಲ್ಲಿ ಕಂಡಿದ್ದೇವೆ. ಬೋ ಭಾಷೆಯನ್ನು ಬಲ್ಲ ಕೊನೆಯ ವ್ಯಕ್ತಿ ಬೋವಾ ಸೀನಿಯರ್ 2010ರಲ್ಲಿ ತೀರಿಕೊಂಡರು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಅದಕ್ಕೂ ಮೊದಲೇ ಅವರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದರಿಂದ ಒಂದಷ್ಟು ಉಳಿಯಿತು. ಆದರೂ ಗಣತಿಯಲ್ಲಿ ಇಂಥ ಬೆರಳೆಣಿಕೆಯ ಜನ ಆಡುವ ನುಡಿಯ ಅಂಕಿ ಪ್ರಕಟಿಸಿದರೆ ಅವರ ಗುರುತು ಬಯಲಾಗಬಹುದು ಎನ್ನುವವರಿದ್ದಾರೆ. ಅದಕ್ಕೆ ಜಿಲ್ಲಾವಾರು ಅಂಕಿಯನ್ನು ತಡೆಹಿಡಿದು, ರಾಜ್ಯಮಟ್ಟದಲ್ಲಿ ಭಾಷೆಯ ಹೆಸರನ್ನಾದರೂ ಕೊಟ್ಟರೆ ಸಾಕು. ಚೀಟಿಗಳನ್ನು ಕೈಯಿಂದ ವಿಂಗಡಿಸುತ್ತಿದ್ದ 1961ರಲ್ಲೇ ಇದಕ್ಕಿಂತ ದೊಡ್ಡ ಪಟ್ಟಿ ಅಚ್ಚಾಗಿತ್ತು.