ಸುಮ್ಮನಿರೋದೇ ಕ್ಷೇಮ

ಹಳೆಯ ಇನ್‌ಲ್ಯಾಂಡ್ ಕಾಗದ ಯಾವುದನ್ನೇ ಬಿಡಿಸಿ, ಶ್ರೀಕಾರದ ಕೆಳಗೆ ಮೊದಲು ಕಾಣುವ ಮಾತು ಇದೇ: ‘ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು.’ ನಿಜ ಸಂಗತಿ ಶುರುವಾಗುವುದು ಅದಾದ ಮೇಲೆ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿದೆ, ಎಮ್ಮೆ ಗೊಡ್ಡಾಗಿದೆ, ಕೊಟ್ಟ ಸಾಲ ವಾಪಸು ಬಂದಿಲ್ಲ. ಹಾಗಂತ ಬರೆದವರು ಸುಳ್ಳು ಹೇಳಿದ್ದಲ್ಲ. ಆ ಕ್ಷೇಮಕ್ಕೆ ‘ಎಲ್ಲರೂ ಇದ್ದೇವೆ, ಯಾರೂ ಹೋಗಿಲ್ಲ’ ಎಂದಷ್ಟೇ ಅರ್ಥ. ಓದುವವರೂ ಆ ಸಾಲು ಕಂಡ ಮೇಲೆ ನಿರಾಳವಾಗಿ ಮುಂದಕ್ಕೆ ಹೋಗುತ್ತಿದ್ದರು. ಸಾವಿನ ಕಾಗದದಲ್ಲಿ ಶ್ರೀಕಾರವೂ ಇರುತ್ತಿರಲಿಲ್ಲ, ಈ ಸಾಲೂ ಇರುತ್ತಿರಲಿಲ್ಲ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುವವರು ಎರಡೂ ಕಡೆಯ ಕ್ಷೇಮವನ್ನು ಒಂದೇ ಏಟಿಗೆ ಮುಗಿಸುತ್ತಿದ್ದರು, ಅದು ಬೇರೆ.

ಪಂಡಿತರ ಲೆಕ್ಕ ಇನ್ನೂ ಖಚಿತ. ಗೀತೆಯ ಒಂಬತ್ತನೇ ಅಧ್ಯಾಯದ ‘ಯೋಗಕ್ಷೇಮ’ಕ್ಕೆ ಶಂಕರರು ಬಿಡಿಸಿ ಅರ್ಥ ಹೇಳಿದ್ದಾರೆ: ಇಲ್ಲದ್ದು ದೊರಕುವುದು ಯೋಗ, ದೊರಕಿದ್ದನ್ನು ಕಾಯುವುದು ಕ್ಷೇಮ. 1956ರಲ್ಲಿ ಹುಟ್ಟಿದ ಭಾರತೀಯ ಜೀವ ವಿಮಾ ನಿಗಮ ಆ ಶ್ಲೋಕದ ತುಂಡನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತು. ಒಪ್ಪುವ ಪದವೇ. ಗೀತೆಯಲ್ಲಿ ಹೊಣೆಯೆಲ್ಲ ದೇವರದು. ಇಲ್ಲಿ ಕಂತು ಮಾತ್ರ ಭಕ್ತರದು.

ಬೆಂಗಳೂರಿನ ಬಡಾವಣೆಗಳಲ್ಲಿ ಕ್ಷೇಮ ‘ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ’ವಾಗಿ ಬೋರ್ಡು ಹತ್ತಿದೆ. ಅಲ್ಲಿ ಕ್ಷೇಮವೆಂದರೆ ಕಾವೇರಿ ನೀರು, ಕಸದ ಗಾಡಿ, ಬೀದಿನಾಯಿ, ಹೊರಗಿನವರು ತಂದು ನಿಲ್ಲಿಸುವ ಕಾರು.

ಮೈ ಸರಿಯಿಲ್ಲದಾಗ ಮಾತ್ರ ಯಾರೂ ‘ಕ್ಷೇಮವಿಲ್ಲ’ ಎನ್ನುವುದಿಲ್ಲ. ಮೈಸೂರಿನವರಿಗೆ ಹುಷಾರಿಲ್ಲ, ಧಾರವಾಡದವರಿಗೆ ಆರಾಮಿಲ್ಲ, ಮಂಗಳೂರಿನವರಿಗೆ ಸೌಖ್ಯವಿಲ್ಲ.

ಹಾಗಾದರೆ ಬಾಯಿಮಾತಿನಲ್ಲಿ ಕ್ಷೇಮ ಉಳಿದಿರುವುದೆಲ್ಲಿ? ಬುದ್ಧಿವಾದದಲ್ಲಿ. ‘ಕತ್ತಲಾಗೋದ್ರೊಳಗೆ ಘಾಟಿ ಇಳಿಯೋದು ಕ್ಷೇಮ.’ ‘ಅವನ ತಂಟೆಗೆ ಹೋಗದಿರೋದೇ ಕ್ಷೇಮ.’ ಸಾಹೇಬರ ಮುಖ ನೋಡಿ ಹೊರಬಂದ ಜವಾನ ಫೈಲು ಹಿಡಿದು ನಿಂತವರಿಗೆ ಮೆಲ್ಲಗೆ ಹೇಳುತ್ತಾನೆ: ‘ಈಗ ಒಳಗೆ ಹೋಗದಿರೋದೇ ಕ್ಷೇಮ ಸಾರ್.’ ಅನ್ಯಾಯ ಕಂಡು ಬಾಯಿ ತೆರೆಯಲು ಹೊರಟವರ ತೋಳು ಹಿಡಿದು ಎಳೆಯುವುದೂ ಇದೇ ಪದ. ಕಾಗದದ ಕ್ಷೇಮ ಇನ್ನೊಬ್ಬರನ್ನು ವಿಚಾರಿಸುತ್ತಿತ್ತು. ಈ ಕ್ಷೇಮ ತನ್ನ ತಲೆ ಕಾಯ್ದುಕೊಂಡರೆ ಸಾಕೆನ್ನುತ್ತದೆ.

ನನ್ನ ಓಟು ಮೊದಲಿನದಕ್ಕೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ‘ಎಲ್ಲರೂ ಕ್ಷೇಮವಾ?’ ಎಂದು ಕೇಳಿ. ಏನಾಯ್ತೋ ಎಂದು ಆ ಕಡೆಯವರು ಗಾಬರಿಯಾದಾರು, ಆದರೂ ಕೇಳಿ.