ಹೆಸರು ಬದಲಿಸಿದ ಹಿರಿಯರು: ಎಡೆದೊರೆ ನಾಡಿನಲ್ಲಿ ವಂಶಶೋಧನೆ

ಸಿಂಧನೂರು ತಾಲ್ಲೂಕಿನ ಸಾಲಗುಂದ, ಲಿಂಗಸುಗೂರು, ಮಸ್ಕಿ ಮೊದಲಾದ ಊರುಗಳಿರುವ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ವಿಜಯನಗರ ಮತ್ತು ಬಹಮನಿ ಅರಸರು ಕಾದಾಡಿದ ಈ ನಾಡು ಮುಂದೆ ಬಿಜಾಪುರದ ಆದಿಲಶಾಹಿ, ಮೊಗಲ್ ಮತ್ತು ನಿಜಾಮ ಆಳ್ವಿಕೆಗಳನ್ನು ಕಂಡು, 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು, ಮತ್ತೆ ನಿಜಾಮರಿಗೆ ಸೇರಿತು. ಆಳುವವರೊಡನೆ ದಫ್ತರದ ಭಾಷೆಯೂ ಲಿಪಿಯೂ ಬದಲಾದ ಇಂಥ ಸೀಮೆಯಲ್ಲಿ ಮನೆತನದ ಹಿರಿಯನೊಬ್ಬನನ್ನು ಹೆಸರಿನ ಆಧಾರದಿಂದಲೇ ಹುಡುಕುವುದು ಕಷ್ಟ. ಆತ ತನ್ನ ಗುರುತನ್ನೇ ಬದಲಿಸಿಕೊಂಡಿದ್ದರೆ ಹೆಸರು ದಾರಿ ತಪ್ಪಿಸುವ ಸಾಧ್ಯತೆಯೇ ಹೆಚ್ಚು.

ಗುರುತಿನ ಬದಲಾವಣೆ ಇಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ. ದತ್ತಕ ಹೋದವನು ಹುಟ್ಟಿದ ಮನೆಯ ವಂಶಾವಳಿಯಿಂದ ಕಳಚಿಕೊಂಡು ಸೇರಿದ ಮನೆಯ ಮಗನಾಗುತ್ತಿದ್ದನು. ಹೆಂಡತಿಯ ಮನೆಯಲ್ಲಿಯೇ ನೆಲೆಸಿದ ಮನೆ ಅಳಿಯನ ಮಕ್ಕಳನ್ನು ಊರು ಹಲವೊಮ್ಮೆ ತಾಯಿಯ ಮನೆಯ ಹೆಸರಿನಿಂದಲೇ ಗುರುತಿಸುತ್ತಿತ್ತು. ಮಠದ ಪಟ್ಟಕ್ಕೇರಿದವನು ಪೂರ್ವಾಶ್ರಮದ, ಅಂದರೆ ದೀಕ್ಷೆಗೆ ಮುಂಚಿನ, ಹೆಸರನ್ನು ಬಿಡುತ್ತಿದ್ದನು. ಕಂದಾಯ ವಸೂಲಿಯ ಮಾಲಿಪಾಟೀಲ, ಊರ ಕಾವಲಿನ ಪೊಲೀಸ್ ಪಾಟೀಲ, ಲೆಕ್ಕ ಬರೆಯುವ ಕುಲಕರ್ಣಿ ಎಂಬ ಹುದ್ದೆಗಳು ಅಡ್ಡಹೆಸರುಗಳಾಗಿ ಉಳಿದು, ಅದಕ್ಕೆ ಮುಂಚಿನ ಮನೆತನದ ಹೆಸರುಗಳನ್ನು ಮರೆಸಿದುದೂ ಉಂಟು.

ಹೆಸರು ಕೈಕೊಟ್ಟಾಗ ಶೋಧಕರಿಗೆ ಮೊದಲು ಒದಗುವವರು ಹೆಳವರು. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಉತ್ತರ ಕರ್ನಾಟಕದ ಈ ಸಮುದಾಯದವರು ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರೂರು ತಿರುಗಿ, ತಮಗೆ ನಡೆದುಕೊಳ್ಳುವ ಒಕ್ಕಲುಗಳ ಹಿರಿಯರ ಹೆಸರು, ಮೂಲ ಊರು, ಬೆಡಗು, ಮನೆದೇವರು, ಕವಲೊಡೆದ ಬಗೆ ಇವನ್ನು ಹೊತ್ತಗೆ ನೋಡಿ ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು, ಬಟ್ಟೆ, ದನಕರುಗಳನ್ನು ಕಾಣಿಕೆಯಾಗಿ ಪಡೆಯುತ್ತಾರೆ. ಬೆಡಗು ಎಂದರೆ ಒಂದೇ ಮೂಲದವರೆಂದು ನಂಬಿ, ತಮ್ಮೊಳಗೆ ಮದುವೆ ಮಾಡಿಕೊಳ್ಳದ ಕುಲದ ಕವಲು. ವಲಸೆ ಹೋದವನು ಹೆಸರು ಬದಲಿಸಿದರೂ ಮಕ್ಕಳ ಮದುವೆಗೆ ಬೆಡಗನ್ನೂ ವರ್ಷದ ಹರಕೆಗೆ ಮನೆದೇವರನ್ನೂ ಸುಲಭವಾಗಿ ಬಿಡಲಾರನಾದುದರಿಂದ ಇವೆರಡೂ ಹೆಸರಿಗಿಂತ ಗಟ್ಟಿಯಾದ ಸಾಕ್ಷ್ಯಗಳು. ಆದರೆ ಈ ಹೊತ್ತಗೆಗಳು ಮುಖ್ಯವಾಗಿ ಗಂಡು ಸಂತಾನದ ಸಾಲನ್ನು ಹಿಡಿದಿರುವುದರಿಂದ ಹೆಣ್ಣುಮಕ್ಕಳ ಕಡೆಯ ಸಂಬಂಧಗಳು ಅವುಗಳಲ್ಲಿ ತೆಳುವಾಗಿವೆ. ಜಾತಿಯನ್ನೋ ಧರ್ಮವನ್ನೋ ಬಿಟ್ಟವನ ಸಾಲೂ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಆಧಾರ ಭೂದಾಖಲೆ. ನಿಜಾಮರ ಕಾಲದ ಕಂದಾಯ ಕಾಗದಗಳು ಫಸಲಿ ವರ್ಷದಲ್ಲಿರುತ್ತವೆ. ಇದು ಬೆಳೆಯ ಲೆಕ್ಕಕ್ಕೆ ಹೊಂದಿಸಿದ ಕಂದಾಯ ವರ್ಷವಾಗಿದ್ದು, ಅದಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತವರ್ಷ ಸಿಗುತ್ತದೆ. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಬಳಿಕ, 1954ರ ಸುಮಾರಿನಲ್ಲಿ ಸಿದ್ಧವಾದ ಖಾಸ್ರಾ ಪಹಣಿ ಪ್ರತಿ ಸರ್ವೆ ನಂಬರಿನ ಪಟ್ಟೇದಾರನನ್ನೂ ಸ್ವಾಧೀನದಾರನನ್ನೂ ಬೇರೆಬೇರೆಯಾಗಿ ತೋರಿಸುವುದರಿಂದ, ಒಂದೇ ಹೊಲವನ್ನು ಹಿಡಿದು ಹಿಂದಕ್ಕೆ ಹೋಗುವವರಿಗೆ ಅದು ಆರಂಭದ ನೆಲೆಯಾಗುತ್ತದೆ.

ಈ ಎರಡೂ ಆಧಾರಗಳು ತಲುಪದ ಪ್ರಸಂಗಕ್ಕೆ ಧೋಂಡಿಯಾ ವಾಘನ ಚರಿತ್ರೆ ನಿದರ್ಶನ. ಚನ್ನಗಿರಿಯಲ್ಲಿ ಮರಾಠಾ ಮನೆತನದಲ್ಲಿ ಹುಟ್ಟಿ ಹೈದರಾಲಿಯ ಕುದುರೆ ಪಡೆ ಸೇರಿದ ಈತ, ಮುಂದೆ ಟಿಪ್ಪುವಿನ ಸೆರೆಯಲ್ಲಿ ಇಸ್ಲಾಂ ಧರ್ಮಕ್ಕೆ ಸೇರಿಸಲ್ಪಟ್ಟು ಮಲಿಕ್ ಜಹಾನ್ ಖಾನ್ ಎನಿಸಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆಯಾಗಿ, ಪಡೆ ಕಟ್ಟಿ, ಉಭಯ ಲೋಕಾಧೀಶ್ವರ ಎಂಬ ಬಿರುದು ಧರಿಸಿದನು. 1800ರ ಸೆಪ್ಟೆಂಬರ್ 10ರಂದು ಇದೇ ಎಡೆದೊರೆ ನಾಡಿನ ಕೋನಗಲ್ಲಿನಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಳಗಳೊಡನೆ ಕಾದಿ ಮಡಿದನು. ಪಾಳೆಯದಲ್ಲಿ ಸಿಕ್ಕ ಆತನ ಪುಟ್ಟ ಮಗ ಸಲಾಬತ್ ಖಾನ್ ವೆಲ್ಲೆಸ್ಲಿಯ ಆಶ್ರಯದಲ್ಲಿ ಬೆಳೆದು, ಮೈಸೂರು ಅರಸರ ಚಾಕರಿಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡನು. ಸಲಾಬತ್ ಖಾನನ ಹೆಸರನ್ನಷ್ಟೇ ಹಿಡಿದು ಹಿಂದಕ್ಕೆ ನಡೆದವರು ಚನ್ನಗಿರಿಯ ಮರಾಠಾ ಮನೆಯನ್ನು ಎಂದೂ ಮುಟ್ಟಲಾರರು. ತಂದೆಯ ಹಳೆಯ ಮತ್ತು ಹೊಸ ಹೆಸರುಗಳನ್ನು ಜೊತೆಯಾಗಿ ಹೇಳುವ ಸಮಕಾಲೀನ ಬರಹಗಳಿರುವುದರಿಂದಲೇ ಆ ಸಂಬಂಧ ಸಿದ್ಧವಾಗುತ್ತದೆ.

ಎರಡು ಹೆಸರುಗಳನ್ನು ಒಟ್ಟಿಗೆ ಹೊತ್ತ ಒಂದೇ ದಾಖಲೆಯ ಬೆಲೆಯನ್ನು ಇದೇ ಸೀಮೆಯ ಮಸ್ಕಿ ದೊಡ್ಡ ಪ್ರಮಾಣದಲ್ಲಿ ತೋರಿಸಿದೆ: 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಕಂಡ ಬಂಡೆಯ ಶಾಸನ, ದೇವಾನಂಪಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿ, ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ವಿದ್ವಾಂಸರು ಅದುವರೆಗೆ ಮಾಡಿದ್ದ, ಆ ಬಿರುದಿನ ಅರಸ ಅಶೋಕನೇ ಎಂಬ ಊಹೆಯನ್ನು ದೃಢಪಡಿಸಿತು. ಸಾಮಾನ್ಯ ಮನೆತನದ ಪಾಲಿಗೆ ಅಂಥ ದಾಖಲೆ ದತ್ತಕಪತ್ರವಾಗಿರಬಹುದು, ವತನದ, ಅಂದರೆ ವಂಶಪಾರಂಪರ್ಯ ಹುದ್ದೆಯ, ಸನದಾಗಿರಬಹುದು, ಪಾಲುಪಟ್ಟಿಯಾಗಿರಬಹುದು. ಗುರುತು ಬದಲಾಗುವುದು ಸಾಮಾನ್ಯವಾಗಿ ಆಸ್ತಿ, ಅಧಿಕಾರ, ದೀಕ್ಷೆ, ಸೆರೆ ಇವುಗಳಲ್ಲೊಂದರ ಸಂದರ್ಭದಲ್ಲಿಯಾದುದರಿಂದ, ಕಳೆದುಹೋದ ಹೆಸರಿಗಿಂತ ಮೊದಲು ಆ ಸಂದರ್ಭವನ್ನು ಹುಡುಕುವುದೇ ವಂಶಶೋಧಕನಿಗೆ ಸರಿಯಾದ ಕ್ರಮ.