ವೆಸೂವಿಯಸ್ಸಿನ ಶಿಲಾಪಾಕ: ಒಂದು ಬೆಟ್ಟದ ರಾಸಾಯನಿಕ ಇತಿಹಾಸ

ಇಟಲಿಯ ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿರುವ ವೆಸೂವಿಯಸ್ ಬೆಟ್ಟವು ಹಿಂದೊಮ್ಮೆ ಬೆಂಕಿಯುಗುಳಿ, ಇಂಧನ ತೀರಿದ್ದರಿಂದ ಆರಿಹೋಗಿರಬೇಕೆಂದು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ, ಅದರ ನೆತ್ತಿಯ ಸುಟ್ಟಂತಿದ್ದ ಕಲ್ಲುಗಳನ್ನು ಆಧಾರವಾಗಿಟ್ಟುಕೊಂಡು ಊಹಿಸಿದ್ದನು. ಆತನು ತೀರಿಕೊಂಡ ಕೆಲವು ದಶಕಗಳಲ್ಲೇ, ಕ್ರಿ.ಶ. 79ರಲ್ಲಿ, ಅದೇ ಬೆಟ್ಟ ಸಿಡಿದು ಪಾಂಪೇ ನಗರವನ್ನು ಹೂತುಹಾಕಿತು. ಆರಿದಂತೆ ಕಂಡ ಅವಧಿಯಲ್ಲಿ ನೆಲದಡಿಯ ಶಿಲಾಪಾಕವು, ಅಂದರೆ ಕರಗಿದ ಕಲ್ಲಿನ ದ್ರವವು, ನಿಧಾನವಾಗಿ ತಣಿಯುತ್ತ ತನ್ನ ಸಂಯೋಜನೆಯನ್ನೇ ಬದಲಿಸಿಕೊಂಡಿತ್ತು.

ಪಾಂಪೇಯಲ್ಲಿ 2.5 ಮೀಟರಿಗೂ ಮಿಕ್ಕಿ ಬಿದ್ದಿರುವ ನೊರೆಗಲ್ಲಿನ ರಾಶಿಯಲ್ಲಿ ಈ ಬದಲಾವಣೆಯ ಸಾಕ್ಷ್ಯವಿದೆ. ಅನಿಲದ ಗುಳ್ಳೆಗಳು ತುಂಬಿರುವಾಗಲೇ ಗಟ್ಟಿಯಾದ ಈ ಹಗುರ ಕಲ್ಲು ಅಡಿಯ ಪದರದಲ್ಲಿ ಬಿಳಿಯಾಗಿದ್ದು, ಮೇಲಿನ ಪದರದಲ್ಲಿ ಬೂದುಬಣ್ಣಕ್ಕೆ ತಿರುಗಿದೆ. ನೆಲದಡಿಯಲ್ಲಿ ಪಾಕ ತುಂಬಿಕೊಂಡಿದ್ದ ಕೊಠಡಿಯ ಮೇಲ್ಭಾಗದಲ್ಲಿದ್ದ, ಹೆಚ್ಚು ಮಾರ್ಪಟ್ಟ ದ್ರವವು ಮೊದಲು ಹೊರಬಿದ್ದು, ಕಡಿಮೆ ಮಾರ್ಪಟ್ಟ ತಳದ ದ್ರವವು ಅನಂತರ ಬಂದುದರಿಂದ, ಕೊಠಡಿಯ ಕ್ರಮವು ನೆಲದ ಮೇಲೆ ತಲೆಕೆಳಗಾಗಿ ದಾಖಲಾಗಿದೆ.

ಈ ಮಾರ್ಪಾಡಿನ ಮುಖ್ಯ ಕಾರಣ ಆಂಶಿಕ ಸ್ಫಟಿಕೀಕರಣ. ಪಾಕ ತಣಿದಾಗ ಎಲ್ಲ ಖನಿಜಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಆಲಿವೀನ್, ಪೈರಾಕ್ಸೀನ್‌ಗಳಂಥ ಖನಿಜಗಳು ಮೊದಲು ರೂಪುಗೊಂಡು ಮೆಗ್ನೀಸಿಯಂ, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಸೆಳೆದುಕೊಂಡು ದ್ರವದಿಂದ ಬೇರ್ಪಡುತ್ತವೆ. ಉಳಿದ ದ್ರವದಲ್ಲಿ ಸಿಲಿಕ, ಅಲ್ಯುಮಿನಿಯಂ, ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಪಾಲು ಏರುತ್ತದೆ. ಹರಳುಗಳಲ್ಲಿ ಎಡೆ ಸಿಗದ ನೀರೂ ಅದರಲ್ಲೇ ಉಳಿಯುತ್ತದೆ. ಹೀಗೆ ರೂಪುಗೊಂಡ ಕ್ಷಾರಸಮೃದ್ಧ ಅಂತಿಮ ದ್ರವದಿಂದ ಆಗುವ ಶಿಲೆಗೆ ಫೋನೊಲೈಟ್ ಎಂದು ಹೆಸರು. ಪಾಂಪೇಯ ಬಿಳಿ ನೊರೆಗಲ್ಲು ಈ ಬಗೆಯದು.

ವೆಸೂವಿಯಸ್ಸಿನ ಪಾಕದಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು, ಸಿಲಿಕ ಅದಕ್ಕೆ ಸಾಲುವಷ್ಟಿಲ್ಲವಾದ್ದರಿಂದ, ಫೆಲ್ಡ್‌ಸ್ಪಾರ್ ಎಂಬ ಖನಿಜ ಆಗಬೇಕಿದ್ದೆಡೆ ಬಹುಮಟ್ಟಿಗೆ ಲ್ಯೂಸೈಟ್ ಎಂಬ ಬಿಳಿಯ, ದುಂಡನೆಯ, ಹಲವು ಮುಖಗಳ ಹರಳು ಮೂಡುತ್ತದೆ. ಪೊಟ್ಯಾಸಿಯಂ ಕ್ಷಾರವಾದ ಪೊಟ್ಯಾಷ್, ಸಸ್ಯಗಳ ಬೂದಿಯಿಂದಷ್ಟೇ ದೊರೆಯುತ್ತದೆಂಬ ನಂಬಿಕೆ ಇದ್ದ ಕಾಲದಲ್ಲಿ, ಜರ್ಮನ್ ರಸಾಯನಜ್ಞ ಕ್ಲಾಪ್ರೋಟ್ 1797ರಲ್ಲಿ ಅದು ಈ ಹರಳಿನಲ್ಲೂ ಇದೆಯೆಂದು ತೋರಿಸಿದನು.

ಹರಳುಗಳು ದ್ರವದಲ್ಲಿ ಮುಳುಗಿ ಬೇರ್ಪಡಬಹುದೆಂಬ ವಿಚಾರವನ್ನು ಗಲಾಪಗಸ್ ದ್ವೀಪಗಳ ಲಾವಾಶಿಲೆಗಳನ್ನು ಕಂಡಿದ್ದ ಚಾರ್ಲ್ಸ್ ಡಾರ್ವಿನ್ 1844ರಲ್ಲೇ ಮಂಡಿಸಿದ್ದನು. ಶಿಲಾವಿಜ್ಞಾನಿ ನಾರ್ಮನ್ ಬೋವೆನ್ 1915ರಲ್ಲಿ ಅದನ್ನು ವಾಷಿಂಗ್ಟನ್ನಿನ ಪ್ರಯೋಗಾಲಯದ ಮೂಸೆಯಲ್ಲಿ ಪ್ರತ್ಯಕ್ಷ ತೋರಿಸಿದನು. ಆದರೆ ಇಷ್ಟೊಂದು ಪೊಟ್ಯಾಸಿಯಂ ಎಲ್ಲಿಂದ ಬಂತೆಂಬ ಪ್ರಶ್ನೆ ಬೇರೆಯೇ ಆಗಿತ್ತು. ಬೆಟ್ಟದಡಿಯ ಸುಣ್ಣಶಿಲೆಗಳನ್ನು ಪಾಕವು ಅರಗಿಸಿಕೊಂಡದ್ದೇ ಇದಕ್ಕೆ ಕಾರಣವೆಂದು ಜ್ವಾಲಾಮುಖಿ ತಜ್ಞ ಆಲ್ಫ್ರೆಡ್ ರಿಟ್‌ಮನ್ 1933ರಲ್ಲಿ ವಾದಿಸಿದನು. ಸುಣ್ಣಶಿಲೆಯೊಡನೆ ಪಾಕ ವರ್ತಿಸಿದ್ದು ನಿಜವಾದರೂ, ಪೊಟ್ಯಾಸಿಯಂ ಸಮೃದ್ಧಿಯ ಮೂಲ ಭೂಮಿಯ ಹೊರತೊಗಟೆಯ ಕೆಳಗಿನ ಮ್ಯಾಂಟಲ್ ಪದರದಲ್ಲೇ ಇದೆಯೆಂದು ಅನಂತರದ ಐಸೊಟೋಪ್ ಅಧ್ಯಯನಗಳು ಸೂಚಿಸಿದವು.

1631ರ ಡಿಸೆಂಬರಿನಲ್ಲಿ ಬೆಟ್ಟ ದೀರ್ಘ ಮೌನ ಮುರಿದು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಅಲ್ಲಿಂದ 1944ರವರೆಗೆ ಅದರ ಬಾಯಿ ಬಹುಕಾಲ ತೆರೆದೇ ಇದ್ದುದರಿಂದ, ಪಾಕಕ್ಕೆ ಹೆಚ್ಚು ಮಾರ್ಪಡುವಷ್ಟು ಬಿಡುವು ಸಿಗದೆ, ಲ್ಯೂಸೈಟ್ ತುಂಬಿದ ಲಾವಾ ಪದೇ ಪದೇ ಹರಿಯಿತು. 1944ರ ಮಾರ್ಚಿನ ಲಾವಾ ಸ್ಯಾನ್ ಸೆಬಾಸ್ಟಿಯಾನೊ ಊರನ್ನು ಧ್ವಂಸಮಾಡಿದ ಬಳಿಕ ಬೆಟ್ಟ ಮತ್ತೆ ಸಿಡಿದಿಲ್ಲ. ಈ ಬೆಟ್ಟದ ಇತಿಹಾಸದಲ್ಲಿ ದೀರ್ಘ ಮೌನವೇ ಹೆಚ್ಚು ಅಪಾಯಕಾರಿಯಾಗಿ ಪರಿಣಮಿಸಿರುವುದರಿಂದ, 1841ರಲ್ಲಿ ಸ್ಥಾಪನೆಗೊಂಡ ವೆಸೂವಿಯಸ್ ವೀಕ್ಷಣಾಲಯವು ಅದರ ಕಂಪನ, ಅನಿಲ ಮತ್ತು ನೆಲದ ಏರಿಳಿತಗಳನ್ನು ಇಂದಿಗೂ ಬಿಡದೆ ದಾಖಲಿಸುತ್ತಿದೆ.